ಅವಧಿಗೆ ಕಟ್ಟುಬಿದ್ದ ಸರ್ವಾಧಿಕಾರ ಸಾಧ್ಯವೇ?

ಪ್ರಶ್ನೆ: ಪ್ರಾಚೀನ ರೋಮ್‌ನಲ್ಲಿ ಸರ್ವಾಧಿಕಾರಿ ಎಂಬುದು ಕಾನೂನುಬದ್ಧ ಹುದ್ದೆಯೇ ಆಗಿತ್ತಂತೆ. ಸಂಕಟದ ಕಾಲದಲ್ಲಿ ಒಬ್ಬರಿಗೆ ಪೂರ್ಣಾಧಿಕಾರ ಕೊಟ್ಟು, ಆಮೇಲೆ ಹಿಂಪಡೆಯುವುದು ಇಂದಿನ ಗಣರಾಜ್ಯಗಳಲ್ಲೂ ಸಾಧ್ಯವಲ್ಲವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ನೀವು ಕೇಳಿದ್ದು ನಿಜ. ಹಿರಿಯರ ಸಭೆಯಾದ ಸೆನೆಟ್‌ನ ಸಲಹೆಯಂತೆ, ರೋಮ್‌ನ ಇಬ್ಬರು ಮುಖ್ಯ ಆಡಳಿತಾಧಿಕಾರಿಗಳಾದ ಕಾನ್ಸಲ್‌ಗಳಲ್ಲಿ ಒಬ್ಬನು ಸರ್ವಾಧಿಕಾರಿಯನ್ನು ನೇಮಿಸುತ್ತಿದ್ದ. ಅವನ ಅವಧಿ ಆರು ತಿಂಗಳನ್ನು ಮೀರುವಂತಿರಲಿಲ್ಲ. ಅಂಥವನು ಕಾನೂನನ್ನು ತಾತ್ಕಾಲಿಕವಾಗಿ ಮೌನಗೊಳಿಸಬಹುದೇ ಹೊರತು ಹೊಸ ಕಾನೂನು ಮಾಡಲಾರ ಎಂದು 1762ರಲ್ಲಿ ರಾಜಕೀಯ ಚಿಂತಕ ರೂಸೋ ವಿವರಿಸಿದ್ದು ಈ ವ್ಯವಸ್ಥೆಯ ತಿರುಳನ್ನೇ. ಕ್ರಿ.ಪೂ. 82ರಲ್ಲಿ ರೋಮನ್ ಸೇನಾನಿ ಸುಲ್ಲಾ ಶಾಸನ ರಚಿಸುವ ಅಧಿಕಾರವನ್ನೂ ಅವಧಿಯ ಕಟ್ಟಿಲ್ಲದ ಹುದ್ದೆಯನ್ನೂ ಪಡೆದಾಗ ಆ ಎಲ್ಲೆ ಮುರಿಯಿತು.

1921ರಲ್ಲಿ ಜರ್ಮನಿಯ ಕಾನೂನು ಚಿಂತಕ ಕಾರ್ಲ್ ಶ್ಮಿಟ್ ಇದಕ್ಕೆ ಸಿದ್ಧಾಂತದ ರೂಪ ಕೊಟ್ಟ. ಇರುವ ಸಂವಿಧಾನವನ್ನು ಉಳಿಸಲು ನಿಯೋಜಿತನಾದ ಸರ್ವಾಧಿಕಾರಿ ಬೇರೆ, ಹೊಸ ಸಂವಿಧಾನವನ್ನೇ ಸ್ಥಾಪಿಸಹೊರಟ ಸಾರ್ವಭೌಮ ಸರ್ವಾಧಿಕಾರಿ ಬೇರೆ ಎಂಬುದು ಅವನ ವಾದ. ಈ ವಿಂಗಡಣೆ ಕಾಗದದ ಮೇಲೆ ನಿಲ್ಲುತ್ತದೆ. ಆಚರಣೆಯಲ್ಲಿ ಎಷ್ಟು ಬೇಗ ಕುಸಿಯುತ್ತದೆ ಎಂಬುದನ್ನು ಅವನ ದೇಶವೇ ತೋರಿಸಿತು. ಅಂದಿನ ಜರ್ಮನ್ ಗಣರಾಜ್ಯದ ವೈಮಾರ್ ಸಂವಿಧಾನದ 48ನೇ ವಿಧಿ ಅಧ್ಯಕ್ಷನಿಗೆ ತುರ್ತು ಅಧಿಕಾರ ನೀಡಿದ್ದರೂ, ಸಂಸತ್ತು ಕೇಳಿದರೆ ಆ ಕ್ರಮಗಳನ್ನು ರದ್ದುಪಡಿಸಲೇಬೇಕೆಂಬ ನಿಯಮವಿತ್ತು. 1930ರ ಜುಲೈನಲ್ಲಿ ಸಂಸತ್ತು ಹಾಗೆಯೇ ಕೇಳಿತು. ಅಧ್ಯಕ್ಷ ಹಿಂಡೆನ್‌ಬರ್ಗ್ ಸಂಸತ್ತನ್ನೇ ವಿಸರ್ಜಿಸಿ, ತಿರಸ್ಕೃತವಾದ ಸುಗ್ರೀವಾಜ್ಞೆಯನ್ನು ಅದೇ ತಿಂಗಳು ಮತ್ತೆ ಹೊರಡಿಸಿದ. ಹಿಟ್ಲರ್ ಬರುವುದಕ್ಕೆ ಎರಡೂವರೆ ವರ್ಷ ಮೊದಲೇ ತಡೆಗೋಡೆ ಒಡೆದಿತ್ತು ಎಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. 1933ರ ಫೆಬ್ರುವರಿ 28ರಂದು ನಾಗರಿಕ ಹಕ್ಕುಗಳನ್ನು ಅಮಾನತುಗೊಳಿಸಿದ ಆಜ್ಞೆ ನಾಜಿ ಆಡಳಿತದ ಕೊನೆಯವರೆಗೂ ಜಾರಿಯಲ್ಲಿತ್ತು. ಶ್ಮಿಟ್ ಅದೇ ವರ್ಷ ನಾಜಿ ಪಕ್ಷ ಸೇರಿದ.

ಆದ್ದರಿಂದ, ಅಧಿಕಾರ ಎಷ್ಟು ದೊಡ್ಡದು ಎಂಬುದಕ್ಕಿಂತ, ಸಂಕಟ ಮುಗಿಯಿತೆಂದು ಹೇಳುವವರು ಯಾರು ಎಂಬುದೇ ಮುಖ್ಯವೆಂದು ನನಗನ್ನಿಸುತ್ತದೆ. ಅಧಿಕಾರ ಹಿಡಿದವನೇ ಅದನ್ನು ನಿರ್ಧರಿಸುವುದಾದರೆ ಹಿಂಪಡೆಯುವ ಮಾತಿಗೆ ಅರ್ಥವಿಲ್ಲ.

ನಮ್ಮಲ್ಲಿ 1975ರ ತುರ್ತುಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿಯ ಅಂಕಿತ ಬಿದ್ದ ಮೇಲೆ, ಮರುದಿನ ಬೆಳಿಗ್ಗೆಯಷ್ಟೇ ಸಚಿವ ಸಂಪುಟಕ್ಕೆ ವಿಷಯ ತಿಳಿಯಿತು. ಆ ಅನುಭವದಿಂದ ಬಂದ 1978ರ 44ನೇ ತಿದ್ದುಪಡಿ ಸಂಪುಟದ ಲಿಖಿತ ನಿರ್ಣಯವನ್ನು ಕಡ್ಡಾಯಗೊಳಿಸಿತು. ಒಂದು ತಿಂಗಳೊಳಗೆ ಸಂಸತ್ತಿನ ಒಪ್ಪಿಗೆ, ಮುಂದೆ ಆರಾರು ತಿಂಗಳಿಗೆ ಮರು ಒಪ್ಪಿಗೆ ಬೇಕೆಂದಿತು. ಲೋಕಸಭೆಯ ಹತ್ತನೇ ಒಂದು ಭಾಗದಷ್ಟು ಸದಸ್ಯರು ಲಿಖಿತವಾಗಿ ಕೇಳಿದರೆ, ಘೋಷಣೆಯನ್ನು ತಿರಸ್ಕರಿಸುವ ನಿರ್ಣಯದ ಚರ್ಚೆಗೆ 14 ದಿನಗಳೊಳಗೆ ವಿಶೇಷ ಅಧಿವೇಶನ ಕರೆಯಲೇಬೇಕು. ಆ ಸದಸ್ಯರು ಜೈಲಿನ ಹೊರಗಿರಬೇಕು ಎಂಬ ಷರತ್ತನ್ನು ಮಾತ್ರ ಯಾವ ವಿಧಿಯೂ ತಾನಾಗಿ ಪೂರೈಸಲಾರದು.