ಸಿಗಂದೂರು ಲಾಂಚ್ ರಾಜರ ಕಾಲದ್ದಾ?

ಪ್ರಶ್ನೆ: ಶರಾವತಿ ಹಿನ್ನೀರಿನ ಆಚೆ ಇರೋ ಸಿಗಂದೂರು ಚೌಡೇಶ್ವರಿ ದೇವಸ್ಥಾನಕ್ಕೆ, ಸೇತುವೆ ಆದ್ಮೇಲೆ ಮೊನ್ನೆ ಹೋಗಿ ಬಂದ್ವಿ, ಐದು ನಿಮಿಷದಲ್ಲಿ ಆಚೆ ದಡ, ಮಕ್ಕಳಿಗೆ ಲಾಂಚ್ (ಬಸ್ಸು, ಕಾರು, ಜನ ಎಲ್ಲಾ ಹೊತ್ತು ದಾಟಿಸ್ತಿದ್ದ ದೊಡ್ಡ ದೋಣಿ) ಇಲ್ಲ ಅಂತ ಬೇಜಾರು. ನಮ್ಮ ಮಾವ ಆ ಲಾಂಚ್ ರಾಜರ ಕಾಲದಿಂದ ಇತ್ತು ಅಂತಾರೆ, ನಾನು ಇಲ್ಲ ಅಂತೀನಿ. ಯಾರು ಸರಿ?

ಉತ್ತರ: ನೀವೇ ಸರಿ, ಆದ್ರೆ ಮಾವನ ಹತ್ರ ಜೋರು ಮಾಡ್ಬೇಡಿ, ದೋಣಿಲಿ ಶರಾವತಿ ದಾಟೋದು ಹಳೇ ರೂಢಿನೇ, ಲಾಂಚ್ ಮಾತ್ರ ಡ್ಯಾಮ್ ಕೊಟ್ಟಿದ್ದು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗೀತು, ಗದ್ದೆ ತೋಟ ರಸ್ತೆ ಎಲ್ಲಾ ನೀರೊಳಗೆ ಹೋಯ್ತು, ಅದಕ್ಕಿಂತ ಮೊದ್ಲೇ ಇದ್ದ ಮಡೆನೂರಿನ ಹಿರೇಭಾಸ್ಕರ ಡ್ಯಾಮೂ ಮುಳುಗ್ತು ಅಂದ್ರೆ ನೋಡಿ (ಬೇಸಿಗೆಲಿ ನೀರು ಚೆನ್ನಾಗಿ ಇಳಿದ್ರೆ ಈಗ್ಲೂ ತಲೆ ಎತ್ತುತ್ತೆ). ತುಮರಿ ಸುತ್ತಮುತ್ತಲಿನ ಹಳ್ಳಿಗಳಿಗೆ ಸಾಗರ ಪೇಟೆ ಕಡೆ ದಡ ಕಣ್ಣೆದುರಿಗಿದ್ರೂ ಮಧ್ಯೆ ಹಿನ್ನೀರು. ರಾಜ್ಯಕ್ಕೆಲ್ಲಾ ಕರೆಂಟ್ ಕೊಟ್ಟು ಇವ್ರು ದ್ವೀಪದವ್ರಾದ್ರು. ಹಾಗಾಗಿ ಎರಡು ದಡದಲ್ಲಿರೋ ಅಂಬಾರಗೋಡ್ಲು–ಕಳಸವಳ್ಳಿ ಮಧ್ಯೆ ಲಾಂಚ್ ಬಂತು.

ನಮಗೆಲ್ಲಾ ಅದು ಮಜಾ. ಬಸ್ಸು ರಿವರ್ಸಲ್ಲಿ ಇಳಿಜಾರು ಇಳಿಯೋದು, ಕ್ಲೀನರ್ ಹಿಂದೆ ನಿಂತು ಬಾಡಿ ತಟ್ಟಿ ‘ಬರ್ಲಿ ಬರ್ಲಿ’ ಅನ್ನೋದು, ಹಲಗೆ ಮೇಲೆ ಚಕ್ರ ಹತ್ತಿದ ತಕ್ಷಣ ಇಡೀ ಲಾಂಚ್ ಒಂದು ಕಡೆ ವಾಲೋದು, ಆಗ ಒಳಗಿದ್ದವ್ರ ಮುಖ ನೋಡ್ಬೇಕಿತ್ತು. ಆದ್ರೆ ಆಚೆ ಊರವ್ರಿಗೆ ಸಂಜೆ ಕೊನೇ ಟ್ರಿಪ್ ಹೋಯ್ತು ಅಂದ್ರೆ ಬಾಗಿಲು ಹಾಕಿದ ಹಾಗೆ ಆಗ್ತಿತ್ತು. ರಾತ್ರಿ ಹೆರಿಗೆ ನೋವು ಬಂದ್ರೆ, ಹಾವು ಕಚ್ಚಿದ್ರೆ ಹೊಸನಗರದ ಕಡೆಯಿಂದ ಸುತ್ತಿ ಬರ್ಬೇಕಿತ್ತು, ಅದೂ ಆ ಕಾಡುದಾರಿಲಿ. ಬೇಸಿಗೆಲಿ ನೀರು ತಳ ಹಿಡಿದ್ರೆ ವಾಹನ ಹತ್ತಿಸ್ತಿರ್ಲಿಲ್ಲ, ಜನ ಮಾತ್ರ. ಹಬ್ಬ, ರಜಾ ದಿನ ಬಂದ್ರೆ ದೇವಸ್ಥಾನಕ್ಕೆ ಬಂದ ಕಾರುಗಳ ಕ್ಯೂ ಹಿಂದೆ ಊರಿನವ್ರೂ ನಿಲ್ಬೇಕಿತ್ತು.

ಸೇತುವೆ ಬೇಕು ಅಂತ ದಶಕಗಳ ಕಾಲ ಕೇಳಿದ್ರು, ಶಂಕುಸ್ಥಾಪನೆ ಆಗಿದ್ದು 2018ರಲ್ಲಿ, ಉದ್ಘಾಟನೆ 2025ರ ಜುಲೈ 14ಕ್ಕೆ. ಉದ್ದ ಸುಮಾರು 2.4 ಕಿಲೋಮೀಟರ್, ಮಧ್ಯದ ಭಾಗನ ಕೇಬಲ್‌ಗಳು ಹಿಡಿದಿವೆ, ಯಾಕಂದ್ರೆ ಅಷ್ಟು ಆಳದ ನೀರಲ್ಲಿ ಸಾಲಾಗಿ ಕಂಬ ಹಾಕ್ತಾ ಹೋಗೋದು ಸುಲಭ ಅಲ್ಲ.

ಮಕ್ಕಳಿಗೆ ಬೇಜಾರಾಗಿದ್ದು ಸಹಜ. ಮುಂದಿನ ಸಲ ಹೋದಾಗ ತುಮರಿಲಿ ಟೀ ಕುಡಿಯೋಕೆ ನಿಲ್ಸಿ, ಯಾರಾದ್ರೂ ವಯಸ್ಸಾದವ್ರ ಹತ್ರ ‘ಕೊನೇ ಲಾಂಚ್ ಎಷ್ಟು ಸಲ ತಪ್ಪಿಸ್ಕೊಂಡಿದೀರಿ?’ ಅಂತ ಕೇಳ್ಸಿ. ಅವ್ರು ಶುರು ಮಾಡಿದ್ರೆ ನಿಮ್ಮ ಟೀ ಆರಿ ಹೋಗುತ್ತೆ, ಅದಕ್ಕೆ ನಾನು ಜವಾಬ್ದಾರ ಅಲ್ಲ.