ಗಣಿ ಮುಚ್ಚಿದ ನೆಲ ಹಸಿರಾಗಿದೆ, ಗೆದ್ದಂತೆ ಆಯಿತಾ?

ಗಣಿ ಮುಚ್ಚಿ, ಮಣ್ಣು ಹರವಿ, ಹುಲ್ಲು ಬಿತ್ತಿ, ಸಸಿ ನೆಟ್ಟು ಮೂರನೇ ವರ್ಷ, ಫೋಟೊದಲ್ಲಿ ಎಲ್ಲಾ ಹಸಿರು, ಇದನ್ನು ಯಶಸ್ಸು ಅನ್ನಬಹುದಾ ಅಂತ ಕೇಳಿದ್ದೀರಿ. ಮೇಲೆ ಒಬ್ಬರು ‘ಶೇ 90 ಹಸಿರಿದ್ದರೆ ಪಾಸು, ಅಮೆರಿಕದಲ್ಲೂ ಅದೇ ನಿಯಮ’ ಅಂದಿದ್ದಾರೆ. ಆ ಲೆಕ್ಕ ಸ್ವಲ್ಪ ಬೇರೆ ಇದೆ. ಮೊದಲು ಅದನ್ನೇ ನೋಡೋಣ.

ಅಮೆರಿಕದಲ್ಲಿ ತೆರೆದ ಕಲ್ಲಿದ್ದಲು ಗಣಿಗಳಿಗೆ 1977ರಲ್ಲಿ ಕಾನೂನು ಬಂತು. ಅದರಡಿಯ ನಿಯಮ ಹೇಳುವ ಶೇ 90 ನೆಲದ ಶೇ 90 ಅಲ್ಲ, ಮೊದಲೇ ಒಪ್ಪಿಕೊಂಡ ಮಾನದಂಡದ ಶೇ 90. ಹತ್ತಿರದಲ್ಲೇ ಗಣಿ ಮುಟ್ಟದ, ಅದೇ ತರಹದ ಒಂದು ಜಾಗವನ್ನು ಹೋಲಿಕೆಗೆ ಇಟ್ಟುಕೊಂಡಿದ್ದೀರಿ, ಅಲ್ಲಿ ಹೊದಿಕೆ (ಗಿಡ, ಹುಲ್ಲು ಮುಚ್ಚಿದ ನೆಲ) ಶೇ 70 ಇದೆ ಅಂದುಕೊಳ್ಳಿ. ನಿಮ್ಮಲ್ಲಿ ಶೇ 63 ಇದ್ದರೆ ಆಯಿತು. ಒಣ ಸೀಮೆಯಲ್ಲಿ ಸಹಜ ನೆಲವೇ ಅರ್ಧ ಬೋಳಾಗಿರುತ್ತದೆ, ಅಲ್ಲಿ ಶೇ 90 ಹಸಿರು ಕೇಳುವುದರಲ್ಲಿ ಅರ್ಥವಿಲ್ಲ.

ಅದಕ್ಕಿಂತ ಮುಖ್ಯ ಕಾಲದ ಲೆಕ್ಕ. ವರ್ಷದ ಸರಾಸರಿ ಮಳೆ 26 ಇಂಚಿಗಿಂತ (ಸುಮಾರು 660 ಮಿ.ಮೀ.) ಹೆಚ್ಚಿದ್ದರೆ ಕನಿಷ್ಠ 5 ವರ್ಷ, ಅಷ್ಟೇ ಅಥವಾ ಕಡಿಮೆ ಇದ್ದರೆ 10 ವರ್ಷ ಆ ಹಸಿರಿಗೆ ಗಣಿಯವರೇ ಹೊಣೆ. ಈ ಲೆಕ್ಕ ಶುರುವಾಗುವುದು ಬಿತ್ತಿದ ದಿನದಿಂದಲ್ಲ, ಹೆಚ್ಚುವರಿ ಬಿತ್ತನೆ, ಗೊಬ್ಬರ, ನೀರು ಕೊಟ್ಟ ಕೊನೆಯ ವರ್ಷ ಮುಗಿದ ಮೇಲೆ. ಮರಗಿಡಕ್ಕೂ ಹಾಗೇ: ಲೆಕ್ಕಕ್ಕೆ ಬರುವ ಗಿಡಗಳಲ್ಲಿ ಶೇ 80ರಷ್ಟಾದರೂ ಈ ಅವಧಿಯ ಶೇ 60 ಕಾಲ ಅಲ್ಲೇ ನಿಂತಿರಬೇಕು, ಅಂದರೆ 5 ವರ್ಷಕ್ಕೆ 3 ವರ್ಷ. ತಪಾಸಣೆಗೆ ಮುಂಚೆ ಹೊಸ ಸಸಿ ಚುಚ್ಚಿ ಸಂಖ್ಯೆ ತುಂಬಿಸುವ ಆಟ ನಡೆಯಬಾರದು ಅಂತ. ನಿಯಮ ಅಲ್ಲಿಯದು, ಕಲ್ಲಿದ್ದಲಿಗೆ ಮಾತ್ರ. ಆದರೆ ಈ ತರ್ಕ ಯಾವ ಗಣಿ ನೆಲಕ್ಕೂ ಸರಿ.

ಇಷ್ಟು ಕಾಯಿಸುವುದಕ್ಕೆ ದೊಡ್ಡ ಕಾರಣ ಸಾರಜನಕ. ಅಗೆದು ಹಾಕಿದ ಮಣ್ಣಿನಲ್ಲಿ ಸಾವಯವ ಅಂಶ ಇಲ್ಲದ ಹಾಗೇ, ಹಾಗಾಗಿ ಸಾರಜನಕದ ದಾಸ್ತಾನೂ ಇಲ್ಲ. ಶುರುವಿನಲ್ಲಿ ಕೊಟ್ಟ ಗೊಬ್ಬರದ ಮೇಲೆ ಹುಲ್ಲು ಎದ್ದು ಬರುತ್ತದೆ, ಅದು ತೀರಿದಾಗ ಹಳದಿಗೆ ತಿರುಗಿ ತೆಳುವಾಗುತ್ತದೆ. ಇದನ್ನು ಕೈಯಿಂದಲೇ ನೋಡಬಹುದು. ಹುಲ್ಲಿನ ಬುಡದಲ್ಲಿ ಒಣ ತರಗನ್ನು ಮೆಲ್ಲಗೆ ಎತ್ತಿ. ಕೆಳಗೆ ಕಪ್ಪಾಗಿ ಪುಡಿಪುಡಿಯಾದ ಪದರ, ನಡುವೆ ಬಿಳಿ ಶಿಲೀಂಧ್ರದ ಎಳೆ ಕಂಡರೆ ಮಣ್ಣು ಕೆಲಸ ಶುರುಮಾಡಿದೆ. ಹೋದ ವರ್ಷದ ಹುಲ್ಲು ಹಾಗೇ ಒಣಗಿ, ಅದರಡಿ ನೇರ ಜಲ್ಲಿ ಕಂಡರೆ ನಿಮ್ಮ ಹಸಿರು ಇನ್ನೂ ಚೀಲದ ಗೊಬ್ಬರದ್ದೇ.

ಅಳೆಯುವ ವಿಷಯ. ದಾರಿ ಪಕ್ಕದಲ್ಲಿ ನಡೆದು ಅಂದಾಜು ಹೇಳಬೇಡಿ. ಒಂದೇ ಚೌಕ ನೋಡಿ ಇಬ್ಬರು ಎರಡು ಲೆಕ್ಕ ಹೇಳುತ್ತಾರೆ. ನಕ್ಷೆಯ ಮೇಲೆ ಮೊದಲೇ ಚೀಟಿ ಎತ್ತಿ ಜಾಗ ಗೊತ್ತು ಮಾಡಿ, ಅಲ್ಲಿ ಟೇಪು ಹಾಸಿ, ಪ್ರತಿ ಮೀಟರಿಗೆ ಒಂದು ಕಡ್ಡಿ ನೇರ ಇಳಿಸಿ. ಕಡ್ಡಿಗೆ ಮೊದಲು ತಾಗಿದ್ದು ಎಲೆಯಾ, ತರಗಾ, ಕಲ್ಲಾ, ಬರೀ ಮಣ್ಣಾ, ಅಷ್ಟೇ ಬರೆಯಿರಿ. ಎಲೆಯಾದರೆ ಯಾವ ಗಿಡದ್ದು ಅಂತಲೂ ಬರೆಯಿರಿ. ಹೋಲಿಕೆ ಜಾಗವನ್ನೂ ಅದೇ ವಾರ, ಅದೇ ಮುಖದ ಇಳಿಜಾರಿನಲ್ಲಿ ಅಳೆಯಿರಿ.

ಗಿಡದ ಹೆಸರು ಯಾಕೆಂದರೆ, ಒಂದೇ ಒಂದು ಜೋರು ಹುಲ್ಲು ಅಂಕಿಯನ್ನು ಪಾಸು ಮಾಡಿಸಿ ಸಸಿಗಳನ್ನು ಕೊಂದುಬಿಡುತ್ತದೆ. ಅಮೆರಿಕದ ಪೂರ್ವ ಭಾಗದ ಅಪಲಾಚಿಯನ್ ಬೆಟ್ಟಸಾಲಿನ ಗಣಿಗಳಲ್ಲಿ ಆದದ್ದು ಇದೇ: ಬುಲ್ಡೋಜರ್ ಓಡಿಸಿ ಗಟ್ಟಿಯಾದ ನೆಲ, ಮೇಲೆ ದಟ್ಟ ಟಾಲ್ ಫೆಸ್ಕ್ಯೂ ಹುಲ್ಲು, ಸವೆತವೇನೋ ನಿಂತಿತು, ಕಾಡು ಬರಲಿಲ್ಲ. ಆಮೇಲೆ ಅಲ್ಲಿ ಸುಮಾರು 4 ಅಡಿ ಸಡಿಲ ಮಣ್ಣು, ಪೈಪೋಟಿ ಕಡಿಮೆ ಇರುವ ಹುಲ್ಲು ಅನ್ನುವ ಪದ್ಧತಿಗೆ ಬಂದರು. ನಿಮಗೆ ಮೇವು ಬೇಕಾ, ಕಾಡು ಬೇಕಾ ಅಂತ ನೀವು ಬರೆದಿಲ್ಲ. ಅದು ಗೊತ್ತಾಗದೆ ಯಶಸ್ಸಿನ ಮಾತೇ ಇಲ್ಲ. ಬೆಳೆ ನೆಲವಾದರೆ ಹೊದಿಕೆ ಬಿಟ್ಟು ಇಳುವರಿಯನ್ನೇ ನೋಡಬೇಕು.

ಕಾಡು ಅನ್ನುವುದಾದರೆ, ಕುಂಠಿತವಾದ ಸಸಿಯೊಂದರ ಪಕ್ಕ ಗುದ್ದಲಿ ಹಾಕಿ. ತಾಯಿಬೇರು ಒಂದು ಗೇಣು ಇಳಿದು ಮೊಣಕೈ ಹಾಗೆ ಅಡ್ಡಕ್ಕೆ ತಿರುಗಿದ್ದರೆ ನೆಲ ಗಟ್ಟಿ, ಗೊಬ್ಬರದಿಂದ ಅದು ಸರಿಹೋಗಲ್ಲ. ಯಾರೂ ನೆಡದ ಮರಿ ಗಿಡಗಳು ಬೇರೆ ಬೇರೆ ವಯಸ್ಸಿನಲ್ಲಿ ತಾವಾಗೇ ಹುಟ್ಟಿವೆಯಾ ಅಂತಲೂ ಹುಡುಕಿ. ನನಗಂತೂ ಬದುಕಿದ ಸಸಿಗಳ ಶೇಕಡಾಕ್ಕಿಂತ ಅದರ ಮೇಲೆ ಹೆಚ್ಚು ನಂಬಿಕೆ.

ಕೊನೆಗೆ, ನಿಮ್ಮ ಎರಡನೇ ಫೋಟೊದ ಎಡ ಮೂಲೆಯ ಬೋಳು ತೇಪೆ. ಸರಾಸರಿ ತೆಗೆದರೆ ಅದು ಮುಚ್ಚಿಹೋಗುತ್ತದೆ, ಬೇರೆಯಾಗಿಯೇ ಬರೆದಿಡಿ. ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಇರುವ ಕಲ್ಲು ಗಾಳಿ, ನೀರು ತಾಗಿದರೆ ಗಂಧಕಾಮ್ಲ ಬಿಡುತ್ತದೆ. ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) 4ಕ್ಕಿಂತ ಇಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯೇ ಮೊಂಡಾಗುತ್ತದೆ. ಮೇಲೆ ಸುಣ್ಣ ಎರಚಿದರೆ ಒಂದೆರಡು ವರ್ಷ ಹಸಿರಾಗಬಹುದು, ಅಡಿಯ ಪೈರೈಟ್ ಮುಗಿಯದಿದ್ದರೆ ಮತ್ತೆ ಬೋಳು. ಅಲ್ಲಿಂದ ಮೇಲಿನದ್ದು ಒಂದು, ಒಂದೂವರೆ ಅಡಿ ಆಳದ್ದು ಒಂದು ಮಣ್ಣು ತೆಗೆದು ಪಿಎಚ್ ಜೊತೆ ಪೈರೈಟ್ ಗಂಧಕವನ್ನೂ ಪರೀಕ್ಷೆ ಮಾಡಿಸಿ. ವರದಿ ಬಂದ ಮೇಲೆ ಇಲ್ಲೇ ಹಾಕಿ, ಸುಣ್ಣ ಎಷ್ಟು ಅಂತ ಆಗ ಲೆಕ್ಕ ಮಾಡೋಣ. ಅಲ್ಲಿವರೆಗೆ ಆ ಜಾಗಕ್ಕೆ ಬೀಜ ಹಾಕಬೇಡಿ.