ಯೇಸು ಎಲ್ಲ ತೀರಿಸಿದ್ದರೆ ಮಾರ್ಮನ್ನರು ಚಹಾ ಯಾಕೆ ಬಿಡಬೇಕು?

ನೀವು ಕೇಳಿದ್ದು ಇಷ್ಟು: ನಿಮ್ಮ ಆಫೀಸಿನ ಮಾರ್ಮನ್ ಗೆಳೆಯರು ಯೇಸು ಎಲ್ಲರ ಪಾಪಕ್ಕೂ ಬೆಲೆ ತೆತ್ತಿದ್ದಾನೆ ಅನ್ನುತ್ತಾರೆ. ಆದರೆ ಚಹಾ, ಕಾಫಿ ಮುಟ್ಟುವುದಿಲ್ಲ, ಸಂಬಳದಲ್ಲಿ ಹತ್ತರಲ್ಲೊಂದು ಪಾಲು ಸಭೆಗೆ ಕೊಡುತ್ತಾರೆ, ತಿಂಗಳಿಗೊಮ್ಮೆ ಉಪವಾಸ ಇರುತ್ತಾರೆ. ತೆತ್ತಾಗಿದೆ ಅಂದಮೇಲೆ ಇವರು ಮತ್ತೇನು ತೆರುತ್ತಿದ್ದಾರೆ? ಇದು ನಂಬಿಕೆಯೋ, ಕಂತು ಕಟ್ಟುವುದೋ?

ಇದೇ ಪ್ರಶ್ನೆಯನ್ನು ನಮ್ಮಪ್ಪ 2012ರಲ್ಲಿ ನನಗೆ ಇನ್ನೂ ಚುಟುಕಾಗಿ ಕೇಳಿದ್ದರು. ನಾವು ಗದಗ-ಬೆಟಗೇರಿಯವರು, ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರು. ನಾನು ಬೆಂಗಳೂರಿನಲ್ಲಿ ಮಾರ್ಮನ್ ಸಭೆಗೆ ಸೇರಿ, ಊರಿಗೆ ಹೋದಾಗ ಬೆಳಗಿನ ಚಹಾ ಬೇಡ ಅಂದೆ. ಅಪ್ಪ ಬಸಿಯಿಂದ ಬಾಯಿ ತೆಗೆದು, "ಅಲ್ಲೋ ತಮ್ಮಾ, ಯೇಸು ಸ್ವಾಮಿ ಶಿಲುಬಿ ಏರಿದ್ದು ನಿನ್ನ ಚಹಾ ಬಿಡಸಾಕೇನ?" ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಈಗ ಅರ್ಧ ಉತ್ತರ ಇದೆ, ಅದನ್ನೇ ಬರೆಯುತ್ತೇನೆ. ನಾನು ಸಭೆಯ ಸಾಮಾನ್ಯ ಸದಸ್ಯ, ವಕ್ತಾರನಲ್ಲ. ಗ್ರಂಥಗಳ ಮಾತು ಬಂದಲ್ಲೆಲ್ಲ ಕನ್ನಡ ನನ್ನದೇ.

ಮೊದಲು ಹೆಸರಿನ ವಿಷಯ. ಸಭೆಯ ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. 'ಮಾರ್ಮನ್' ಅನ್ನುವ ಅಡ್ಡಹೆಸರು ಬಿಡಿ ಎಂದು ಆಗಿನ ಅಧ್ಯಕ್ಷ ರಸ್ಸೆಲ್ ನೆಲ್ಸನ್ 2018ರಲ್ಲಿ ಹೇಳಿದರು. ಪ್ರಶ್ನೆಯಲ್ಲಿ ನೀವು ಅದನ್ನೇ ಬಳಸಿದ್ದೀರಿ, ಹುಡುಕುವವರೂ ಅದನ್ನೇ ಹುಡುಕುತ್ತಾರೆ, ಹಾಗಾಗಿ ನಾನೂ ಬಳಸುತ್ತಿದ್ದೇನೆ.

ಕನ್ನಡದಲ್ಲಿ ಈ ಮಾತು ಎತ್ತಿದರೆ ಮೊದಲು ಕಾಲಿಗೆ ತೊಡರುವುದು 'ಪ್ರಾಯಶ್ಚಿತ್ತ' ಅನ್ನುವ ಪದ. ನಮ್ಮಲ್ಲಿ ಪ್ರಾಯಶ್ಚಿತ್ತ ಅಂದರೆ ತಪ್ಪು ಮಾಡಿದವನೇ ಮಾಡಿಕೊಳ್ಳಬೇಕಾದದ್ದು. ಕ್ರೈಸ್ತರ ಬಾಯಲ್ಲಿ ಅದು ಉಲ್ಟಾ: ತಪ್ಪು ನನ್ನದು, ಪ್ರಾಯಶ್ಚಿತ್ತ ಇನ್ನೊಬ್ಬನದು. ನಿಮ್ಮ ಗೆಳೆಯರು ಚಹಾ ಬಿಟ್ಟದ್ದನ್ನು ನೋಡಿ ನೀವು 'ಓಹೋ, ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದಾರೆ' ಅಂದುಕೊಂಡಿರಬಹುದು. ಅವರ ಲೆಕ್ಕದಲ್ಲಿ ಅದು ಪ್ರಾಯಶ್ಚಿತ್ತವೇ ಅಲ್ಲ. 1833ರಲ್ಲಿ ಒಹಾಯೋದ ಕರ್ಟ್‌ಲ್ಯಾಂಡಿನಲ್ಲಿ ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ ಕೊಟ್ಟ ಆರೋಗ್ಯದ ಕಟ್ಟಳೆಯೊಂದರಲ್ಲಿ 'ಬಿಸಿ ಪಾನೀಯ' ಬೇಡ ಎಂದಿದೆ. ಅದನ್ನು ಚಹಾ, ಕಾಫಿ ಎಂದು ಅರ್ಥಮಾಡಿಕೊಂಡು ಬಂದಿದ್ದಾರೆ. ದೇವರೊಂದಿಗೆ ಮಾಡಿಕೊಂಡ ಒಡಂಬಡಿಕೆಯ ಗುರುತು ಅದು. ಪಾಪದ ಬೆಲೆ ಅಲ್ಲ.

ಹಾಗಾದರೆ ಯೇಸು ತೀರಿಸಿದ್ದು ಏನನ್ನು? ಇಲ್ಲಿ ಮಾರ್ಮನ್ನರು ಎರಡು ಖಾತೆ ಇಡುತ್ತಾರೆ. ಒಂದು ಸಾವು. ಆತನ ಪುನರುತ್ಥಾನದಿಂದಾಗಿ ಹುಟ್ಟಿದ ಪ್ರತಿಯೊಬ್ಬರೂ ದೇಹಸಮೇತ ಮತ್ತೆ ಎದ್ದೇಳುತ್ತಾರೆ. ನಂಬಿದವರು, ನಂಬದವರು, ಹೆಸರೇ ಕೇಳದವರು, ಎಲ್ಲರೂ. ಷರತ್ತಿಲ್ಲ, ಅರ್ಜಿ ಹಾಕಬೇಕಾಗಿಲ್ಲ. ಇನ್ನೊಂದು ಪಾಪ. ಇದರಲ್ಲೂ ಮೊದಲ ಮನುಷ್ಯ ಆದಾಮನ ಪಾಪ ನಮ್ಮ ತಲೆಗೆ ಬರುವುದಿಲ್ಲ. 1842ರಲ್ಲಿ ಸ್ಮಿತ್ ಬರೆದ ಹದಿಮೂರು ವಿಶ್ವಾಸಸೂತ್ರಗಳಲ್ಲಿ ಎರಡನೆಯದೇ ಅದು: ಮನುಷ್ಯರಿಗೆ ಶಿಕ್ಷೆ ಅವರವರ ಪಾಪಕ್ಕೆ, ಆದಾಮನ ತಪ್ಪಿಗಲ್ಲ. ಆದ್ದರಿಂದ ಎಳೆಗೂಸುಗಳಿಗೆ ದೀಕ್ಷಾಸ್ನಾನ ಇಲ್ಲ, ಎಂಟು ವರ್ಷ ತುಂಬಿದಮೇಲೇ. (ನನಗೆ ಮೂರು ತಿಂಗಳಿದ್ದಾಗ ಬೆಟಗೇರಿಯಲ್ಲಿ ಆಗಿತ್ತು, ಬಿಳಿ ಕುಲಾಯಿ ಹಾಕಿದ ಫೋಟೋ ಇನ್ನೂ ಇದೆ. ಅದು ಲೆಕ್ಕಕ್ಕಿಲ್ಲ ಅಂದಾಗ ಅಮ್ಮನಿಗೆ ಚಹಾ ಬಿಟ್ಟದ್ದಕ್ಕಿಂತ ಹೆಚ್ಚು ನೋವಾಯಿತು.) ಸ್ವಂತ ಪಾಪಕ್ಕೆ ಮಾತ್ರ ನಂಬಿಕೆ, ಮಾನಸಾಂತರ (ಪಾಪ ಬಿಟ್ಟು ತಿರುಗುವುದು), ದೀಕ್ಷಾಸ್ನಾನ, ಪವಿತ್ರಾತ್ಮನ ವರ ಎಂಬ ದಾರಿ ಇದೆ. ಆ ದಾರಿಯನ್ನೂ ತೆರೆದದ್ದು ಆತನೇ, ಆದರೆ ನಡೆಯಬೇಕಾದವರು ನಾವು.

ಇನ್ನು ಗೆತ್ಸೇಮನೆ, ಯೇಸು ಶಿಲುಬೆಗೇರುವ ಹಿಂದಿನ ರಾತ್ರಿ ಪ್ರಾರ್ಥಿಸಿದ ತೋಟ. ನಾನು ಬೆಳೆದ ಸಭೆಯಲ್ಲಿ ಎಲ್ಲವೂ ಶಿಲುಬೆಯ ಮೇಲೆ. ಶುಭ ಶುಕ್ರವಾರ ಮೂರು ತಾಸು ಆರಾಧನೆ, ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಮೇಲೆ ಏಳು ಪ್ರಸಂಗ. ಮಾರ್ಮನ್ನರ ಸಭಾಮಂದಿರದಲ್ಲಿ ಶಿಲುಬೆಯೇ ಕಾಣುವುದಿಲ್ಲ. ಮೊದಲ ದಿನ ನಾನು ಗೋಡೆಯೆಲ್ಲಾ ಹುಡುಕಿದ್ದೆ. ಅವರೇನೂ ಶಿಲುಬೆಯನ್ನು ಅಲ್ಲಗಳೆಯುವುದಿಲ್ಲ, ಆದರೆ ಸಂಕಟ ಹಿಂದಿನ ರಾತ್ರಿಯೇ, ಎಣ್ಣೆಮರಗಳ (ಆಲಿವ್) ತೋಟದಲ್ಲೇ ಶುರುವಾಯಿತು ಎಂದು ಒತ್ತಿ ಹೇಳುತ್ತಾರೆ. ಗೆತ್ಸೇಮನೆ ಅಂದರೆ ಎಣ್ಣೆಯ ಗಾಣ. ಲೂಕನ ಸುವಾರ್ತೆಯಲ್ಲಿ ಬೆವರು ರಕ್ತದ ದೊಡ್ಡ ಹನಿಗಳ ಹಾಗೆ ಬಿತ್ತು ಎಂದಿದೆಯಲ್ಲ, ಅದನ್ನು ಇವರು ಉಪಮೆ ಅಂದುಕೊಳ್ಳುವುದಿಲ್ಲ. ಪ್ರತಿ ರೋಮರಂಧ್ರದಿಂದಲೂ ರಕ್ತ ಸುರಿಯಿತು ಎಂದು ಬೈಬಲಿನ ಜೊತೆಗೆ ಇವರು ಪವಿತ್ರವೆಂದು ಓದುವ ಮಾರ್ಮನ್ ಗ್ರಂಥದಲ್ಲಿದೆ, ಸ್ಮಿತ್‌ಗೆ ಬಂದ ಪ್ರಕಟಣೆಯೊಂದರಲ್ಲೂ (ದೇವರೇ ತಿಳಿಸಿದ್ದೆಂದು ಇವರು ನಂಬುವ ಮಾತು) ಇದೆ.

ಆ ಪ್ರಕಟಣೆಯ ಹಿನ್ನೆಲೆ ನನಗೆ ಬಹಳ ಇಷ್ಟ. 1829. ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಎಂಬ ಸಣ್ಣ ಊರು. ಮಾರ್ಮನ್ ಗ್ರಂಥದ 5,000 ಪ್ರತಿ ಅಚ್ಚಾಗಬೇಕು, ಮುದ್ರಕ ಗ್ರ್ಯಾಂಡಿನ್ ಕೇಳಿದ್ದು 3,000 ಡಾಲರ್. ಮಾರ್ಟಿನ್ ಹ್ಯಾರಿಸ್ ಎಂಬ ರೈತ ಹೊಲ ಅಡವಿಟ್ಟ. ಅವನಿಗೆಂದು ಬಂದ ಮಾತಿನಲ್ಲಿ ಯೇಸುವೇ ತನ್ನ ಸಂಕಟವನ್ನು ಹೇಳಿಕೊಳ್ಳುತ್ತಾನೆ: ಎಲ್ಲರಿಗಿಂತ ದೊಡ್ಡವನಾದ ದೇವರಾದ ನನ್ನನ್ನೇ ಆ ನೋವು ನಡುಗಿಸಿತು, ಆ ಕಹಿ ಪಾತ್ರೆಯನ್ನು ಕುಡಿಯದಿರುವಂತಾಗಲಿ ಅನ್ನಿಸಿತು. ಇದಾಗಿ ಕೆಲವೇ ಸಾಲು ಕೆಳಗೆ ಅದೇ ಪ್ರಕಟಣೆಯಲ್ಲಿ, ಮುದ್ರಕನ ಸಾಲ ತೀರಿಸು, ಬಂಧನದಿಂದ ಬಿಡಿಸಿಕೋ! ಲೋಕದ ಪಾಪವೆಲ್ಲ ತೀರಿತು ಎಂದು ಹೇಳಿದ ಬಾಯಲ್ಲೇ ಅಂಗಡಿಯ ಬಾಕಿ ಕೊಡು ಎಂಬ ಮಾತು. 1831ರಲ್ಲಿ ಹ್ಯಾರಿಸ್ 151 ಎಕರೆ ಮಾರಿ ಆ ಬಾಕಿ ತೀರಿಸಿದ. ನಿಮ್ಮ ಪ್ರಶ್ನೆ ಹುಟ್ಟಿದ್ದೇ ಅಲ್ಲಿ ಅನ್ನಿಸುತ್ತದೆ. ಈ ಧರ್ಮದಲ್ಲಿ ಆಕಾಶದ ಲೆಕ್ಕ ಮತ್ತು ಕಿರಾಣಿ ಲೆಕ್ಕ ಒಂದೇ ಹಾಳೆಯಲ್ಲಿ ಬರುತ್ತವೆ.

ಆದರೆ ನನ್ನನ್ನು ಎಳೆದದ್ದು ಸಾಲದ ಉಪಮೆ ಅಲ್ಲ. ಅಮ್ಮ ಕಸೂತಿ ಹಾಕುತ್ತಿದ್ದವರು. ಗೋಪುರ, ತೇರು, ತುಳಸಿಕಟ್ಟೆ, ಎಳೆ ಎಣಿಸಿ ಎಣಿಸಿ, ಸೀರೆಯ ಹಿಂದು-ಮುಂದು ಒಂದೇ ಥರ ಕಾಣುವ ಹಾಗೆ. ಅವರಿಗೆ ಪಾರ್ಕಿನ್ಸನ್ ಬಂತು. ಮೊದಲು ಸೂಜಿಗೆ ದಾರ ಪೋಣಿಸುವುದು ನಿಂತಿತು, ಆಮೇಲೆ ಗುಂಡಿ ಹಾಕುವುದು. ಪ್ರಾರ್ಥನೆಗೆಂದು ಮನೆಗೆ ಬಂದವರೊಬ್ಬರು, "ಒಳಗ ಏನರ ಪಾಪ ಉಳಿದಿದ್ರ ಅರಿಕೆ ಮಾಡ್ಕೋರಿ ಅಕ್ಕಾರ" ಅಂದು ಹೋದರು. ಒಳ್ಳೆಯ ಮನಸ್ಸಿನಿಂದಲೇ ಅಂದಿರಬೇಕು. ಅಮ್ಮ ಆ ರಾತ್ರಿಯೆಲ್ಲಾ ಕೂತು ನೆನಪು ಮಾಡಿಕೊಂಡರು, ಯಾವ ಪಾಪ ಇದ್ದೀತು ಅಂತ.

ಅದಾಗಿ ಕೆಲವು ತಿಂಗಳಿಗೆ ಬೆಂಗಳೂರಿನಲ್ಲಿ, ಬಿಳಿ ಅಂಗಿ, ಹೆಸರಿನ ಕಪ್ಪು ಬಿಲ್ಲೆ ಹಾಕಿದ ಇಬ್ಬರು ಮಾರ್ಮನ್ ಮಿಷನರಿ ಹುಡುಗರು ಮಾರ್ಮನ್ ಗ್ರಂಥದ ಆಲ್ಮ ಎಂಬ ಪ್ರವಾದಿಯ ಹೆಸರಿನ ಭಾಗದ ಏಳನೇ ಅಧ್ಯಾಯ ಓದಲು ಕೊಟ್ಟರು. ಕ್ರಿಸ್ತನು ಪಾಪಗಳನ್ನಷ್ಟೇ ಅಲ್ಲ, ತನ್ನ ಜನರ ನೋವು, ರೋಗ, ಬಲಹೀನತೆಗಳನ್ನೂ ಮೈಮೇಲೆ ತೆಗೆದುಕೊಳ್ಳುವನು ಎಂದು ಅಲ್ಲಿದೆ. ಅವರಿಗೆ ಹೇಗೆ ಆಸರೆಯಾಗಬೇಕು ಎಂಬುದನ್ನು ಶರೀರದಿಂದಲೇ ಅರಿಯುವ ಸಲುವಾಗಿ. ಅಂದರೆ ನಡುಗುವ ಕೈ ಹೇಗಿರುತ್ತದೆ ಅಂತ ಆತನಿಗೆ ಗೊತ್ತು. ದೇವರು ಸರ್ವಜ್ಞ, ಆದ್ದರಿಂದ ಗೊತ್ತು ಅನ್ನುವುದು ಬೇರೆ. ನಡುಗಿ ಗೊತ್ತು ಅನ್ನುವುದು ಬೇರೆ. ನಾನು ಊರಿಗೆ ಫೋನ್ ಮಾಡಿ ಅಮ್ಮನಿಗೆ ಓದಿ ಹೇಳಿದೆ. ಅಪ್ಪ ಪಕ್ಕದಲ್ಲೇ ಕೇಳುತ್ತಿದ್ದವರು, "ಇದು ಯೆಶಾಯನ ಐವತ್ಮೂರರಾಗ ಐತಲ್ಲೋ, ಇದಕ್ಕ ಹೊಸಾ ಪುಸ್ತಕ ಯಾಕ ಬೇಕಾತು?" ಅಂದರು. ಸರಿಯಾದ ಮಾತೇ. ಬೈಬಲಿನಲ್ಲೇ ಐತಿ. ನೂರು ಸಲ ಕೇಳಿದ್ದೆ, ಕಿವಿಗೆ ಬಿದ್ದಿರಲಿಲ್ಲ. ಅಮ್ಮ 2016ರಲ್ಲಿ ಹೋದರು, ಬಾಸೆಲ್ ಮಿಷನ್ನಿನ ಸ್ಮಶಾನದಲ್ಲೇ ಮಲಗಿದ್ದಾರೆ.

ಈಗ ಕೃಪೆ ಸಾಕೋ ಸಾಲದೋ ಎಂಬ ಜಗಳಕ್ಕೆ ಬರೋಣ. ಮಾರ್ಮನ್ ಗ್ರಂಥದಲ್ಲಿ ಎರಡನೇ ನೀಫೈ ಅಂತ ಒಂದು ಭಾಗ, ಅದರ 25ನೇ ಅಧ್ಯಾಯದಲ್ಲಿ ಒಂದು ಸಾಲು: ನಾವು ಮಾಡಬಹುದಾದದ್ದೆಲ್ಲ ಆದಮೇಲೆ, ಕೃಪೆಯಿಂದಲೇ ನಮಗೆ ರಕ್ಷಣೆ. ಬೇರೆ ಸಭೆಯವರು ಮಾರ್ಮನ್ನರನ್ನು ಹಿಡಿದು ನಿಲ್ಲಿಸುವುದು ಇದೇ ಸಾಲಿನಲ್ಲಿ. ಎಫೆಸದವರಿಗೆ ಬರೆದ ಪತ್ರದಲ್ಲಿ ಪೌಲ ರಕ್ಷಣೆ ಪುಣ್ಯಕ್ರಿಯೆಗಳಿಂದಲ್ಲ ಎಂದು ಬಿಡಿಸಿ ಬರೆದಿರುವಾಗ 'ಮಾಡಬಹುದಾದದ್ದೆಲ್ಲ' ಎಲ್ಲಿಂದ ಬಂತು? ಮಾಡಬಹುದಾದದ್ದೆಲ್ಲ ಮಾಡಿದೆ ಅಂತ ಎದೆ ಮುಟ್ಟಿ ಹೇಳುವವರು ಯಾರಿದ್ದಾರೆ? ಒಳಗಿನವರಲ್ಲೂ ಈ ಸಾಲನ್ನು ಹೊತ್ತು ಬೆನ್ನು ಬಾಗಿದವರನ್ನು ನೋಡಿದ್ದೇನೆ. ಕೆಲವರದು ನಿಜಕ್ಕೂ ಕಂತು ಕಟ್ಟುವ ಭಕ್ತಿಯೇ. ನಿಮ್ಮ ಅನುಮಾನ ಗಾಳಿಯಲ್ಲಿ ಹುಟ್ಟಿದ್ದಲ್ಲ.

2015ರ ಏಪ್ರಿಲ್ ಮಹಾಸಭೆಯಲ್ಲಿ, ಅಂದರೆ ಇಡೀ ಸಭೆಯ ಸಮ್ಮೇಳನದಲ್ಲಿ, ಆಗ ಸಭೆಯ ಅಧ್ಯಕ್ಷಮಂಡಳಿಯಲ್ಲಿದ್ದ ಡೀಟರ್ ಉಕ್ಟ್‌ಡಾರ್ಫ್ ಇದನ್ನು ನೇರವಾಗಿ ಎತ್ತಿಕೊಂಡರು. 'ಆದಮೇಲೆ' ಅಂದರೆ 'ಆದ್ದರಿಂದ' ಅಲ್ಲ ಅಂದರು. ನಾವು ಮಾಡಿದ್ದರಿಂದ ರಕ್ಷಣೆ ಸಿಗುವುದಲ್ಲ, ಮಾಡಿದ್ದೆಲ್ಲ ಮಾಡಿಯೂ ಕೊನೆಗೆ ಕೃಪೆಯೇ. ಮಹಾಸಭೆಯ ವೇದಿಕೆಯಲ್ಲಿ, ಅದೂ ಅಧ್ಯಕ್ಷಮಂಡಳಿಯವರ ಬಾಯಲ್ಲಿ ಈ ಮಾತು ಬಂದದ್ದು ನಮ್ಮಂಥವರಿಗೆ ದೊಡ್ಡ ಸಮಾಧಾನ. ಆದರೂ ಪ್ರೊಟೆಸ್ಟೆಂಟರ ಕೃಪೆಗೂ ಇದಕ್ಕೂ ಅಂತರ ಉಳಿಯುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಲೂಥರನ ಮಕ್ಕಳಿಗೆ, ಅಂದರೆ ಪ್ರೊಟೆಸ್ಟೆಂಟರಿಗೆ, ರಕ್ಷಣೆ ಅಂದರೆ ತೀರ್ಪು: ನೀನು ಬಿಡುಗಡೆ, ಹೋಗು. ಮಾರ್ಮನ್ನರಿಗೆ ಅದು ಬೆಳವಣಿಗೆ. ಪರಲೋಕದಲ್ಲೂ ಮೂರು ಮಹಿಮೆಗಳಿವೆ, ಎಲ್ಲಕ್ಕೂ ಮೇಲಿನದರ ತುದಿಗೆ ಹೋಗಲು ದೇವಾಲಯದ ಒಡಂಬಡಿಕೆಗಳು ಬೇಕು. ಬೆಂಗಳೂರಿಗೆ ಅಂಥ ದೇವಾಲಯ ಬರುತ್ತದೆಂದು 2018ರ ಏಪ್ರಿಲ್‌ನಲ್ಲಿ ಘೋಷಣೆಯಾಯಿತು, 2020ರ ಡಿಸೆಂಬರ್‌ನಲ್ಲಿ ನೆಲ ಅಗೆದರು. ಅದರ ಜೊತೆ ತ್ರಯೇಕತ್ವವನ್ನು (ಮೂವರೂ ಒಬ್ಬನೇ ದೇವರು ಎಂಬುದನ್ನು) ಒಪ್ಪದೆ ತಂದೆ, ಮಗ, ಪವಿತ್ರಾತ್ಮ ಮೂವರೂ ಬೇರೆ ಬೇರೆ ಅನ್ನುತ್ತಾರೆ. ಇವರ ದೀಕ್ಷಾಸ್ನಾನ ಸಲ್ಲದು ಎಂದು ಕಥೋಲಿಕ ಸಭೆ 2001ರಲ್ಲಿ ಹೇಳಿದ್ದು ಇದೇ ಕಾರಣಕ್ಕೆ.

ಸತ್ತವರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಮಾಡಿಸಿಕೊಳ್ಳುವುದೂ ಆ ದೇವಾಲಯಗಳಲ್ಲೇ. ಸತ್ತವರು ಒಪ್ಪಬಹುದು, ಬಿಡಬಹುದು. ಯಹೂದಿ ನರಮೇಧದಲ್ಲಿ ಸತ್ತವರ ಹೆಸರುಗಳನ್ನೂ ಹೀಗೆ ಸೇರಿಸಿ ದೊಡ್ಡ ಗಲಾಟೆಯಾಗಿ, 1995ರಲ್ಲಿ ಸಭೆ ಅದನ್ನು ನಿಲ್ಲಿಸಲು ಒಪ್ಪಿಕೊಂಡಿತು. ಒಪ್ಪಬೇಕಾದದ್ದೇ. ಆದರೆ ಚಿಕ್ಕವನಿದ್ದಾಗ ನಾನು ಅಜ್ಜನಿಗೆ ಕೇಳುತ್ತಿದ್ದೆ, "ಮಿಷನ್ನಿನ ಪಾದ್ರಿಗಳು ಬರೋ ಮೊದಲು ಸತ್ತ ನಮ್ಮ ಹಿರೇರು ಎಲ್ಲಿದ್ದಾರು?" ಅಜ್ಜ ಮಾತು ಬದಲಿಸುತ್ತಿದ್ದರು. ಮಾತು ಬದಲಿಸದ ಒಂದು ಸಭೆ ನನಗೆ ಸಿಕ್ಕಿದ್ದು ಇದೇ.

ಕೊನೆಗೆ ನಂಬಿಕೆ. ಪ್ರತಿ ತಿಂಗಳ ಮೊದಲ ಭಾನುವಾರ ಉಪವಾಸ ಇದ್ದು, ಆ ಎರಡು ಊಟದ ದುಡ್ಡನ್ನು ಬಡವರಿಗೆ ಕೊಟ್ಟು, ಸಭೆಯ ಮುಂದೆ ತಮ್ಮ ನಂಬಿಕೆಯ ಸಾಕ್ಷಿ ಹೇಳುವ ಪದ್ಧತಿ. ಪ್ರಸಂಗಿ ಇಲ್ಲ, ಯಾರು ಬೇಕಾದರೂ ಎದ್ದು ಹೋಗಬಹುದು. ಏಳು ವರ್ಷದ ಮಗುವೂ ಮೈಕಿನ ಮುಂದೆ 'ಇದು ಸತ್ಯವೆಂದು ನನಗೆ ಗೊತ್ತು' ಅನ್ನುತ್ತದೆ. 'ಗೊತ್ತು' ಎಂಬ ಆ ಮಾತು ನನ್ನ ಬಾಯಿಂದ ಬರುವುದಿಲ್ಲ. ಎರಡು ವರ್ಷ ನಾನು ಮೊದಲ ಭಾನುವಾರ ಬಂತೆಂದರೆ ಹಿಂದಿನ ಸಾಲು ಹಿಡಿದು ಕೂರುತ್ತಿದ್ದೆ. ಆಮೇಲೆ 1831ರ ಒಂದು ಪ್ರಕಟಣೆ ಕಣ್ಣಿಗೆ ಬಿತ್ತು: ಕೆಲವರಿಗೆ ಯೇಸು ದೇವರ ಮಗನೆಂದು ತಿಳಿಯುವ ವರ, ಇನ್ನು ಕೆಲವರಿಗೆ ಅವರ ಮಾತನ್ನು ನಂಬುವ ವರ. ಎರಡೂ ವರವೇ! ಆ ಭಾಗದ 32ನೇ ಅಧ್ಯಾಯದಲ್ಲಿ ಆಲ್ಮ ಇನ್ನೂ ಕಡಿಮೆ ಕೇಳಿದ್ದಾನೆ: ನಂಬಬೇಕೆಂಬ ಆಸೆಯೊಂದಿದ್ದರೂ ಸಾಕು, ಬೀಜ ಊರಿ ನೋಡು, ಊದಿಕೊಂಡು ಮೊಳೆಯಿತೋ ಒಳ್ಳೆಯ ಬೀಜ, ಇಲ್ಲವೋ ಎಸೆ. ಎರೆಹೊಲದ ನಾಡಿನಿಂದ ಬಂದವನಿಗೆ ಈ ಭಾಷೆ ಹೇಳಿಕೊಡಬೇಕಾಗಿಲ್ಲ. ಬಿತ್ತಿದ ಮರುದಿನ ಕೆದರಿ ನೋಡುವವನನ್ನು ನಮ್ಮಲ್ಲಿ ಯಾರೂ ರೈತ ಅನ್ನುವುದಿಲ್ಲ.

2017ರಲ್ಲಿ ಅಪ್ಪ ಬೆಂಗಳೂರಿಗೆ ಬಂದಾಗ ಒಂದು ಭಾನುವಾರ ನನ್ನ ಜೊತೆ ಸಭೆಗೆ ಬಂದರು. ಯೇಸುವಿನ ಕೊನೆಯ ಊಟದ ನೆನಪಿನ ಕರ್ತನ ಭೋಜನಕ್ಕೆ ಇಲ್ಲಿ ರೊಟ್ಟಿಯ ಜೊತೆ ದ್ರಾಕ್ಷಾರಸ ಇಲ್ಲ, ಪುಟ್ಟ ಲೋಟಗಳಲ್ಲಿ ನೀರು. ಆಶೀರ್ವದಿಸುವವರು ಪಾದ್ರಿಗಳಲ್ಲ, ಹದಿನಾರು-ಹದಿನೇಳರ ಹುಡುಗರು. ಪ್ರಾರ್ಥನೆಯ ಮಾತುಗಳು ಒಂದಕ್ಷರ ಆಚೀಚೆ ಆಗುವಂತಿಲ್ಲ. ತಪ್ಪಿದರೆ ಸಭೆ ನಡೆಸುವ ಬಿಷಪ್ ಸನ್ನೆ ಮಾಡುತ್ತಾರೆ, ಮೊದಲಿನಿಂದ ಹೇಳಬೇಕು. ರೊಟ್ಟಿಯ ಪ್ರಾರ್ಥನೆಯಲ್ಲಿ, ನಿನ್ನ ಮಗನ ಹೆಸರನ್ನು ಹೊರಲು 'ಇವರು ಮನಸ್ಸುಳ್ಳವರಾಗಿದ್ದಾರೆ' ಎಂದು ಬರುತ್ತದೆ. ಹೊತ್ತಿದ್ದಾರೆ ಅಂತಲ್ಲ, ಹೊರಲು ಮನಸ್ಸಿದೆ ಅಂತ. ಅವತ್ತಿನ ಹುಡುಗ ಹೊಸಬ. ಸರಿಯಾಗಿ ಅದೇ ಜಾಗದಲ್ಲಿ ಎಡವಿದ. ಬಿಷಪ್ ಮೆಲ್ಲಗೆ ತಲೆಯಾಡಿಸಿದರು. ಮತ್ತೆ ಮೊದಲಿನಿಂದ ಹೇಳಿದ, ಮತ್ತೆ ಎಡವಿದ. ಕಿವಿ ಕೆಂಪಾಗಿತ್ತು. ಇಡೀ ಸಭೆ ತಲೆ ತಗ್ಗಿಸಿ ಕಾಯುತ್ತಿತ್ತು. ಮೂರನೇ ಸಲ ಮುಗಿಸಿದ, ಎಲ್ಲರೂ ಆಮೆನ್ ಅಂದೆವು.

ಹೊರಗೆ ಬಂದಮೇಲೆ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಹುಡುಗಗ ಯಾರೂ ಬೈಲಿಲ್ಲ ನೋಡು" ಅಂದರು. ರಸ್ತೆಯಾಚೆ ಒಂದು ಚಹಾದಂಗಡಿ ಇತ್ತು. ದಾಟಿ ಹೋಗಿ ಒಂದು ಚಹಾ ಹೇಳಿ, ನನ್ನ ಕಡೆ ತಿರುಗಿ, "ನಿನಗ ಬಿಸಿ ಹಾಲು ಹೇಳಲೇನು?" ಅಂದರು.